ಬೇಸಿಗೆಯ ಕೆಂಪು

ಬಾರ್ಸಿಲೋನಾ, 9 ಜೂನ್ 1963

ವಿಸಿ,

ಬಂದು ತಲುಪಿದೆ. ಉಸಿರಿದೆ. ರೈಲಿನಲ್ಲಿ ಕೂತು ಕೂತು ಸೊಂಟ ಮಾತ್ರ ಕೊರ್ದೊಬಾದಲ್ಲೇ ಉಳಿದ ಹಾಗಿದೆ. ನಿನ್ನ ನಾದಿನಿ ಅದೆಲಾ ನಿಲ್ದಾಣಕ್ಕೆ ಬಂದು, "ಅಪ್ಪಾ, ಎಷ್ಟು ಸೊರಗಿದ್ದೀರಿ" ಎಂದು ಎಲ್ಲರೆದುರು ಅತ್ತಳು. ಅವಳು ಹುಟ್ಟಿದಾಗಿನಿಂದ ಹಾಗೇ, ಅಳುವುದಕ್ಕೆ ಈರುಳ್ಳಿ ಹೆಚ್ಚಬೇಕಾಗಿಲ್ಲ.

ಹೃದಯದ ಡಾಕ್ಟರು ನೋಡಿದರು. "ಕತ್ತೆ ದುಡಿದಂಗೆ ದುಡಿದಿದ್ದೀರಿ, ಈ ಬೇಸಿಗೆ ಕೊರ್ದೊಬಾ ಬಿಸಿಲು ಬೇಡ, ಇಲ್ಲೇ ಸಮುದ್ರದ ಗಾಳೀಲಿ ಇರಿ" ಎಂದರು. ಬೇರೇನೂ ಹೇಳಲಿಲ್ಲ.

ಅಂಗಡಿಯ ವಿಚಾರ. ಪೀಪಾಯಿಗಳಿಗೆ ಒದ್ದೆ ಗೋಣಿ ಹೊದಿಸುವುದು ತಪ್ಪಬಾರದು. ಇಗರ್ಜಿಯ ಗಂಟೆ ಹೊಡೆಯುವವನಿಗೆ ಮೂರನೆಯ ಲೋಟ ಕೊಡಬೇಡ, ಸಂಜೆಯ ಪ್ರಾರ್ಥನೆ ತಪ್ಪುತ್ತದೆ, ಪಾದ್ರಿಗಳು ನನ್ನನ್ನು ಬೈಯುತ್ತಾರೆ. ಎಲ್ಲಕ್ಕಿಂತ ದೊಡ್ಡದು, ನಮ್ಮ ಅಪ್ಪನಾಗಲೀ ನಾನಾಗಲೀ ವೈನಿಗೆ ಜ್ಞಾನಸ್ನಾನ ಮಾಡಿಸಿದವರಲ್ಲ. ನಮ್ಮ ಸಾನ್ ಲೊರೆಂಸೊ ಕೇರಿಯಲ್ಲಿ ಯಾರ ವೈನಿನಲ್ಲಿ ನೀರಿದೆ, ಯಾರದರಲ್ಲಿ ಇಲ್ಲ ಎಂದು ಕುರುಡನಿಗೂ ಗೊತ್ತು. ಆ ಹೆಸರು ನಿನ್ನ ಕೈಯಲ್ಲಿದೆ.

ಸಾನ್ ಮಿಗೆಲ್ ಹಬ್ಬದವರೆಗೆ, ಅಂದರೆ ಸೆಪ್ಟೆಂಬರ್ ಕೊನೆಯವರೆಗೆ, ಅಂಗಡಿ ನೋಡಿಕೋ. ಕೊಡುವುದು, ಬಿಡುವುದು, ಗುತ್ತಿಗೆ ಎಲ್ಲ ನಮ್ಮಲ್ಲಿ ಆ ದಿನವೇ ತೀರ್ಮಾನವಾಗುವುದಲ್ಲವೇ. ಅಂಗಡಿಯ ಮುಂದಿನ ಕಥೆಯನ್ನು ಆಗ ಹೇಳುತ್ತೇನೆ.

ಬಾಲ್ದೊಮೆರೊ ಲೂಕೆ


ಕೊರ್ದೊಬಾ, 26 ಜೂನ್

ಮಾವನವರಿಗೆ ವಿಸಿಯ ನಮಸ್ಕಾರಗಳು.

ನಿಮ್ಮ ಪತ್ರವನ್ನು ಅಂಗಡಿಯಲ್ಲಿ ಗಟ್ಟಿಯಾಗಿ ಓದಿದೆ, ಗಂಟೆಯವನ ಸಾಲು ಒಂದನ್ನು ಬಿಟ್ಟು. ಅವನು ಅಲ್ಲೇ ನಿಂತಿದ್ದ. ನಿಮ್ಮ ಎದೆಗೆ ಸಮುದ್ರದ ಗಾಳಿಯೇ ಸಾಕು ಎಂದು ಡಾಕ್ಟರು ಹೇಳಿದ್ದು ಕೇಳಿ ಎಲ್ಲರಿಗೂ ಸಮಾಧಾನವಾಯಿತು. ವ್ಯಾಪಾರ ಎಂದಿನಂತೆ. ಸಾನ್ ಹುವಾನ್ ಹಬ್ಬದ ದಿನ ಸೋಡಾ ಗಾಡಿಯವನು ಅರ್ಧ ಸರಕು ಇಳಿಸಿ ಹೊರಟುಹೋದ. ಹೇಗೋ ಸುಧಾರಿಸಿದೆ.

ಹೊತ್ತು ಮುಳುಗಿದ ಮೇಲೆ ಕೇರಿಯ ಹೆಂಗಸರು ಕುರ್ಚಿ ತಂದು ಬೀದಿಯಲ್ಲಿ ತಂಪಿಗೆ ಕೂರುತ್ತಿದ್ದಾರೆ. ಬಟ್ಟೆ ಹೊಲಿಯುವ ಅಂಗುಸ್ತಿಯಾಸ್ ನಮ್ಮ ಬಾಗಿಲಿನ ಎಡಕ್ಕೆ, ಲೆಯೊಕಾದಿಯಾ ಅಜ್ಜಿ ಬಲಕ್ಕೆ. ಅಜ್ಜಿಗೆ ಈಗ ಎರಡು ಕಿವಿಯೂ ಪೂರಾ ಹೋಗಿವೆ. ಅದಕ್ಕೇ ಎಲ್ಲರೂ ಗುಟ್ಟುಗಳನ್ನು ಅವರಿಗೇ ಹೇಳುತ್ತಾರೆ. ಅವರು "ನಂಗೆ ಮೊದ್ಲೇ ಗೊತ್ತಿತ್ತು ಬಿಡು" ಎನ್ನುತ್ತಾರೆ.

ಮ್ಯಾಡ್ರಿಡ್‌ನಿಂದ ನನ್ನ ಅಕ್ಕ ಮತ್ತೆ ಬರೆದಿದ್ದಾಳೆ. ದೊಡ್ಡವರ ಮನೆಯೊಂದರಲ್ಲಿ ಅಲ್ಲೇ ಇದ್ದು ಕೆಲಸ ಮಾಡುವವಳು ಬೇಕಂತೆ. ಮಗುವನ್ನು ಕರೆತರುವಂತಿಲ್ಲ, ಅರಾಸೆಲಿಯನ್ನು ಸಿಸ್ಟರುಗಳ ಆಶ್ರಮದಲ್ಲಿ ಬಿಡಬೇಕಂತೆ. ಒಂಬತ್ತು ವರ್ಷದ ಹುಡುಗಿ, ಇನ್ನೂ ನನ್ನ ಕೈ ಹಿಡಿದೇ ಮಲಗುತ್ತಾಳೆ. ನಾನು ಉತ್ತರ ಬರೆದಿಲ್ಲ.

ನೀವು ಔಷಧಿ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ಅನ್ಸೆಲ್ಮೊ ತೀರಿಕೊಂಡಾಗ ನನ್ನ ಒಡಹುಟ್ಟಿದ ಅಣ್ಣ ಬಾಗಿಲು ಅರ್ಧ ತೆರೆದು ಮಾತಾಡಿಸಿ ಕಳಿಸಿದ. ಮಗ ಹೋದ ದುಃಖದಲ್ಲೂ ನೀವು ಪೂರ್ತಿ ತೆರೆದಿರಿ. ನಿಮ್ಮ ಆರೋಗ್ಯಕ್ಕೆ ದಿನಾ ಮೋಂಬತ್ತಿ ಹಚ್ಚುತ್ತಿದ್ದೇನೆ ಎಂದರೆ ಅದು ಬರೀ ಬಾಯಿಮಾತಲ್ಲ.

ನಿಮ್ಮ ಸೊಸೆ,
ವಿಸಿತಾಸ್ಯೋನ್


ಬಾರ್ಸಿಲೋನಾ, 8 ಜುಲೈ

ವಿಸಿ,

ಕ್ಷೌರದ ಒರಾಸಿಯೊ ಮಗನನ್ನು ನೋಡಲು ಈ ಊರಿಗೆ ಬಂದವನು ನಮ್ಮ ಮನೆಗೂ ಬಂದಿದ್ದ. ಗಡ್ಡ ಹೆರೆಯುವುದಕ್ಕಿಂತ ಗಾಯಕ್ಕೆ ಉಪ್ಪು ಸವರುವುದರಲ್ಲಿ ಅವನ ಕೈ ಪಳಗಿದೆ. ಅದೆಲಾ ಕೊಟ್ಟ ಊಟವನ್ನೆಲ್ಲ ಉಂಡು, ಬಾಯಿ ಒರೆಸಿಕೊಂಡು ಹೇಳುತ್ತಾನೆ:

"ಬಾಲ್ದೊಮೆರೊ, ನಿನ್ನ ಸೊಸೆ ಕೆಂಪು ವೈನಿಗೆ ಸೋಡಾ ಹುಯ್ದು ಮಾರ್ತಾವ್ಳೆ ಕಣಪ್ಪ. ಅರ್ಧಕ್ಕರ್ಧ! ಮೇಲೊಂದು ನಿಂಬೆ ಹೋಳು ಬೇರೆ. ಹೆಂಗಸ್ರು ಬೀದೀಲಿ ಕೂತ್ಕೊಂಡು ಲೋಟದ ಮೇಲೆ ಲೋಟ ಏರಿಸ್ತಾವ್ರೆ."

"ಸುಳ್ಳು" ಎಂದೆ.

"ಸುಳ್ಳಾದ್ರೆ ನನ್ ಮೀಸೆ ನಾನೇ ಬೋಳಿಸ್ಕೋತೀನಿ" ಎಂದ. ಅವನ ಮೀಸೆ ಮೇಲೆ ಅವನಿಗೆಷ್ಟು ಪ್ರೀತಿ ಎಂದು ನಿನಗೆ ಗೊತ್ತು. ಆಗಲೇ ನನಗೆ ನಿಜವೆನಿಸಿತು.

ಆ ವೈನ್ ನಿನಗೇನು ಅನ್ಯಾಯ ಮಾಡಿತ್ತು? ವಾಲ್ದೆಪೇನ್ಯಾಸ್‌ನಿಂದ ಅಷ್ಟು ದೂರ ಬರುವವರೆಗೆ ಅದಕ್ಕೆ ಯಾರೂ ಒಂದು ಹನಿ ನೀರು ತಾಗಿಸಿಲ್ಲ. ನಮ್ಮ ಬಾಗಿಲಿಗೆ ಬಂದ ಮೇಲೆ ಜ್ಞಾನಸ್ನಾನ! ಅದೂ ಗುಳ್ಳೆ ಗುಳ್ಳೆ ನೀರಿನಲ್ಲಿ! ನೀರು ಬೆರೆಸಿದ ತಪ್ಪಿಗೆ ಎದುರು ಬೀದಿಯವನ ಅಂಗಡಿ ಮುಚ್ಚಿಹೋದದ್ದು ಮರೆತೆಯಾ? ಅವನ ಮಗಳಿಗೆ ಗಂಡು ಸಿಗಲು ಎಷ್ಟು ಕಷ್ಟವಾಯಿತು ಎಂಬುದು ಮರೆತೆಯಾ? ಇವತ್ತೇ ನಿಲ್ಲಿಸು.

ಬಾಲ್ದೊಮೆರೊ ಲೂಕೆ


ಕೊರ್ದೊಬಾ, 13 ಜುಲೈ

ಮಾವ,

ಬೈದಿದ್ದಕ್ಕೆ ಬೇಸರವಿಲ್ಲ. ಅಕ್ಷರಗಳು ನೆಟ್ಟಗಿವೆ, ಅಂದರೆ ಕೈ ನಡುಗುತ್ತಿಲ್ಲ ಎಂದು ಖುಷಿಯೇ ಆಯಿತು. ಆದರೆ ನಿಲ್ಲಿಸಿಲ್ಲ. ಯಾಕೆಂದು ಕೇಳಿ.

ನೀರು ಬೆರೆಸುವವನು ಹಿಂದಿನ ಕೋಣೆಯಲ್ಲಿ ಕದ ಹಾಕಿಕೊಂಡು ಬೆರೆಸುತ್ತಾನೆ. ನಾನು ಬೀದಿಯಲ್ಲಿ, ಕುಡಿಯುವವರ ಕಣ್ಣೆದುರಿಗೆ, ಅವರೇ ಕೇಳಿದ ಮೇಲೆ ಬೆರೆಸುತ್ತೇನೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ ನಾನು ವೈನಿಗೆ ಸೋಡಾ ಬೆರೆಸಲೇ ಇಲ್ಲ, ಸೋಡಾಕ್ಕೆ ವೈನ್ ಬೆರೆಸಿದೆ. ಸಾನ್ ಹುವಾನ್ ದಿನ ಸರಕು ಕಡಿಮೆ ಬಂತು ಎಂದಿದ್ದೆನಲ್ಲ. ಆ ಸಂಜೆ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತು. ನಮ್ಮ ಹೆಂಗಸರು ಅಂಗಡಿಯೊಳಗೆ ಕಾಲಿಡುವವರಲ್ಲ, ಕಿಟಕಿಯಿಂದ ಸೋಡಾ ಕೇಳಿದರು. ಬಾಟಲಿ ಕಡಿಮೆ, ಬಾಯಿ ಹೆಚ್ಚು. ಹೂಜಿಗೆ ಐಸ್ ಹಾಕಿ, ಇದ್ದಷ್ಟು ಸೋಡಾ ಸುರಿದು, ಅಷ್ಟೇ ಕೆಂಪು ವೈನ್ ಸುರಿದು, ನಿಂಬೆ ಹೋಳು ತೇಲಿಬಿಟ್ಟು ಹೊರಗೆ ಕೊಟ್ಟೆ.

ಅಂಗುಸ್ತಿಯಾಸ್ ಒಂದು ಗುಟುಕು ಕುಡಿದು ಸೂಜಿ ಕೆಳಗಿಟ್ಟಳು. "ಏನೇ ವಿಸಿ, ಇದಕ್ಕೇನ್ ಹಾಕ್ದೆ?"

"ಸೋಡಾ ಕಮ್ಮಿ ಬಿತ್ತು, ವೈನ್ ಹಾಕ್ದೆ."

"ಹಂಗಾದ್ರೆ ನಾಳೇನೂ ಕಮ್ಮಿ ಬೀಳ್ಲಿ, ತಾಯಿ."

ಹೊಸದೇನಲ್ಲ. ಹೆದ್ದಾರಿಯ ಪಕ್ಕದ ಹೋಟೆಲುಗಳಲ್ಲಿ ಎಷ್ಟೋ ಕಾಲದಿಂದ ಮಾಡುತ್ತಾರೆ, ಬೇಸಿಗೆಯ ಕೆಂಪು ಎನ್ನುತ್ತಾರೆ. ನಮ್ಮ ಕೇರಿಗೆ ಈಗ ಬಂತು. ಬರೀ ವೈನ್ ಕೇಳಿದವರಿಗೆ ಬರೀ ವೈನನ್ನೇ ಕೊಡುತ್ತೇನೆ, ನಿಮ್ಮ ತಂದೆಯವರು ಕೊಡುತ್ತಿದ್ದ ಹಾಗೆ.

ನಿಮಗೆ ಒಂದನ್ನು ಹೇಳಿರಲಿಲ್ಲ. ವ್ಯಾಪಾರ ಎಂದಿನಂತೆ ಎಂದು ಬರೆದೆ, ಅದು ಸುಳ್ಳು. ಗಂಡಸರು ಮೊದಲ ವಾರ ಬಂದರು, ನಿಮ್ಮನ್ನು ವಿಚಾರಿಸಿದರು, ಆಮೇಲೆ ಒಬ್ಬೊಬ್ಬರೇ ಬರುವುದು ನಿಲ್ಲಿಸಿದರು. ಅವರು ಬರುತ್ತಿದ್ದದ್ದು ನಿಮ್ಮ ಜೊತೆ ಜಗಳವಾಡಲು. ನೀವಿಲ್ಲದ ಅಂಗಡಿಯಲ್ಲಿ, ಈ ಬಿಸಿಲಿನಲ್ಲಿ, ಬೆಚ್ಚಗಿನ ಕೆಂಪು ವೈನ್ ಯಾರಿಗೆ ಬೇಕು? ಈಗ ಹೆಂಗಸರು ಹೊರಗೆ ಕುಡಿಯುವುದನ್ನು ನೋಡಿ ಅವರೂ ನಾಚಿಕೆ ಬಿಟ್ಟು ಬರುತ್ತಿದ್ದಾರೆ. ನಿಮ್ಮಲ್ಲಿಗೆ ಹೊರಡುವ ಮೊದಲು ಒರಾಸಿಯೊ ಕೂಡ ಎರಡು ಲೋಟ ಕುಡಿದಿದ್ದ. ಅದನ್ನು ಅವನು ನಿಮಗೆ ಹೇಳಿರಲಾರ.

ವಿಸಿ


ಬಾರ್ಸಿಲೋನಾ, 19 ಜುಲೈ

ವಿಸಿ,

ಬುದ್ಧಿವಂತೆ ನೀನು, ಮಾತಿನಲ್ಲಿ ನಿನ್ನನ್ನು ಗೆಲ್ಲುವುದಕ್ಕೆ ಅನ್ಸೆಲ್ಮೊಗೂ ಆಗುತ್ತಿರಲಿಲ್ಲ. ಗಂಡಸರು ನನ್ನ ಜಗಳಕ್ಕೆ ಬರುತ್ತಿದ್ದರಂತೆ! ವೈನಿಗೆ ಬರುತ್ತಿದ್ದರು. ಹೂಜಿಯಲ್ಲಿ ನಿಂಬೆ ತೇಲಿಸಿದ್ದು ನೋಡಿ ಓಡಿಹೋಗಿರಬೇಕು.

ಇರಲಿ. ಸಾನ್ ಮಿಗೆಲ್‌ಗೆ ಹೇಳೋಣವೆಂದಿದ್ದೆ, ಈಗಲೇ ಹೇಳಿಬಿಡುತ್ತೇನೆ. ಅಂಗಡಿಯನ್ನು ನನ್ನ ತಮ್ಮನ ಮಗ ಕಾಸಿಮಿರೊಗೆ ಕೊಡುವುದಾಗಿ ಈಸ್ಟರ್ ಹಬ್ಬದಲ್ಲಿ ಕೈಮೇಲೆ ಕೈಯಿಟ್ಟು ಮಾತು ಕೊಟ್ಟಿದ್ದೇನೆ. ಫ್ರಿಜ್ಜು, ಟೆಲಿವಿಷನ್ ಮಾರುತ್ತಾನಂತೆ. ನೀವಿರುವ ಮೇಲಿನ ಕೋಣೆಗಳೂ ಅವನ ಸಾಮಾನಿಗೆ ಬೇಕಂತೆ. ಸಾನ್ ಮಿಗೆಲ್ ಆದ ಮೇಲೆ ನಿನಗೂ ಮಗುವಿಗೂ ಏನಾದರೂ ಏರ್ಪಾಡು ಮಾಡೋಣ. ನನ್ನ ಎದೆ ಇನ್ನೆಷ್ಟು ದಿನ ಬಡಿದುಕೊಳ್ಳುತ್ತದೋ, ಒಂಟಿ ಹೆಂಗಸು ಪಡಖಾನೆ ನಡೆಸುವುದುಂಟೇ ಎಂದು ಯೋಚಿಸಿ ಮಾಡಿದ್ದು. ಕೊಟ್ಟ ಮಾತು ಕೊಟ್ಟದ್ದೇ. ಆದ್ದರಿಂದ ಅಲ್ಲಿಯವರೆಗೆ ಏನು ಬೇಕಾದರೂ ಬೆರೆಸು. ಕೊಳದ ನೀರೇ ಬೆರೆಸು.

ಬಾಲ್ದೊಮೆರೊ


ಕೊರ್ದೊಬಾ, 10 ಆಗಸ್ಟ್

ಮಾವನವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ಬಂದಿದೆ. ಇವತ್ತು ಸಾನ್ ಲೊರೆಂಸೊ ಹಬ್ಬ, ಕೇರಿಯ ಇಗರ್ಜಿಯಲ್ಲಿ ನಿಮ್ಮ ಜಾಗ ಖಾಲಿಯಿತ್ತು, ಯಾರೂ ಅಲ್ಲಿ ಕೂರಲಿಲ್ಲ. ಹಿತ್ತಲಿನ ಅಂಜೂರ ಹಣ್ಣಾಗಿದೆ. ಅತ್ತೆಯವರು ಒಣಗಿಸುತ್ತಿದ್ದ ಹಾಗೆಯೇ ಬಿಳಿ ಬಟ್ಟೆ ಮೇಲೆ ಹರವಿ, ಬಾದಾಮಿ ತುಂಬಿ, ಒಂದು ಡಬ್ಬಿ ಕಳಿಸುತ್ತಿದ್ದೇನೆ. ಜಾಸ್ತಿ ತಿನ್ನಬೇಡಿ, ಅದೆಲಾಳ ಮಕ್ಕಳಿಗೂ ಇರಲಿ.

ಅರಾಸೆಲಿಯ ಮುಂದಿನ ಹಲ್ಲು ಮುರಿದಿದೆ, ಬಾವಿಕಟ್ಟೆಯಿಂದ ಹಾರಿ. ಅಳಲಿಲ್ಲ. "ತಾತನಿಗೂ ಆ ಹಲ್ಲಿಲ್ಲ ಅಲ್ವಾ" ಎಂದಳು.

ರಾತ್ರಿ ಕಾಲು ಊದುತ್ತದೆಯೇ? ಊದಿದರೆ ದಿಂಬಿನ ಮೇಲೆ ಎತ್ತಿಟ್ಟು ಮಲಗಿ.

ವಿಸಿ


ಬಾರ್ಸಿಲೋನಾ, 17 ಆಗಸ್ಟ್

ವಿಸಿ,

ಅಂಜೂರ ಬಂತು. ಒಂದೂ ಒಡೆದಿಲ್ಲ. ನಿಮ್ಮತ್ತೆಯ ಕೈರುಚಿಯೇ.

ಜುಲೈ ತಿಂಗಳ ನನ್ನ ಪತ್ರ ನಿನಗೆ ನಿಜವಾಗಿ ತಲುಪಿತೇ? "ಬಂದಿದೆ" ಎಂದಷ್ಟೇ ಬರೆದೆ. ಕಾಸಿಮಿರೊನ ಸುದ್ದಿ ಅದರಲ್ಲಿತ್ತು. ಓದಿದೆಯಲ್ಲವೇ? ನೀನು ಬೈದಿದ್ದರೆ ನಾನೂ ಬೈಯುತ್ತಿದ್ದೆ, ಸರಿಹೋಗುತ್ತಿತ್ತು. ಅಂಜೂರ ಕಳಿಸಿದರೆ ನಾನೇನು ಮಾಡಲಿ? ಹಲ್ಲಿಲ್ಲದ ಬಾಯಲ್ಲಿ ಅಗಿಯುತ್ತ ಯೋಚಿಸುತ್ತ ಕೂತಿದ್ದೇನೆ.

ಅದಿರಲಿ, ಇನ್ನೊಂದು ಮಾತು. ಇಲ್ಲಿ ನನಗೊಬ್ಬ ಸ್ನೇಹಿತನಾಗಿದ್ದಾನೆ. ನನ್ನದೇ ವಯಸ್ಸು, ಅವನಿಗೂ ಹೃದಯದ್ದೇ ತೊಂದರೆ. ಪಾಪ, ಡಾಕ್ಟರು ಅವನಿಗೆ ಜೂನ್ ತಿಂಗಳಲ್ಲೇ ವೈನ್ ಬಂದ್ ಮಾಡಿದ್ದರಂತೆ. ಊಟಕ್ಕೆ ಕೂತರೆ ಮಗಳು ನೀರಿನ ಲೋಟ ಇಡುತ್ತಾಳಂತೆ, ಮೀನಿಗೆ ಇಟ್ಟ ಹಾಗೆ. ಈಗ ಸ್ವಲ್ಪ ಸುಧಾರಿಸಿದ ಮೇಲೆ ಡಾಕ್ಟರು, "ಮಧ್ಯಾಹ್ನ ಊಟದ ಜೊತೆ ಅರ್ಧ ಲೋಟ, ಅದೂ ಸೋಡಾ ಬೆರೆಸಿ" ಎಂದರಂತೆ. ಸೋಡಾ ಎಷ್ಟು, ವೈನ್ ಎಷ್ಟು, ಯಾವುದು ಮೊದಲು ಎಂದು ಅವನು ಕೇಳುತ್ತಿದ್ದಾನೆ. ಅವನು ನಾಚಿಕೆ ಸ್ವಭಾವದವನು. ನನಗಂತೂ ಇದೆಲ್ಲ ಗೊತ್ತಿಲ್ಲ.

ಬಾಲ್ದೊಮೆರೊ


ಕೊರ್ದೊಬಾ, 23 ಆಗಸ್ಟ್

ಮಾವ,

ನಿಮ್ಮ ನಾಚಿಕೆಯ ಸ್ನೇಹಿತರಿಗೆ ಹೇಳಿ: ಉದ್ದನೆಯ ಗಾಜಿನ ಲೋಟ ತೆಗೆದುಕೊಳ್ಳಲಿ. ಮೊದಲು ಐಸ್, ತುಂಬಾ, ಜಿಪುಣತನ ಬೇಡ. ಆಮೇಲೆ ವೈನ್, ಅವರ ಡಾಕ್ಟರು ಹೇಳಿದಷ್ಟೇ. ಮೇಲಿಂದ ಸೋಡಾ, ನಿಧಾನಕ್ಕೆ, ಇಲ್ಲದಿದ್ದರೆ ಉಕ್ಕಿ ಮಗಳ ಮೇಜುಬಟ್ಟೆ ಕೆಂಪಾಗುತ್ತದೆ, ಮಗಳು ಅಳುತ್ತಾಳೆ. ನಿಂಬೆಯನ್ನು ತೆಳ್ಳಗೆ ಕೊಯ್ದು ಹಾಕಲಿ, ಹಿಂಡಬಾರದು. ಔಷಧಿ ಕುಡಿದ ಹಾಗೆ ಕಣ್ಣುಮುಚ್ಚಿ ಕುಡಿಯಬಾರದು. ಕಿಟಕಿಯ ಪಕ್ಕ ಕೂತು ಕುಡಿಯಬೇಕು.

ಜೂನ್‌ನಿಂದ ವೈನ್ ಬಿಟ್ಟು ಕೂತಿದ್ದಾರೆ ಪಾಪ, ಅದನ್ನು ಯಾರಿಗೂ ಹೇಳದೆ ಒಬ್ಬರೇ ನುಂಗಿಕೊಂಡಿದ್ದಾರೆ. ಅವರ ಮನೆಯವರಿಗೆ ಗೊತ್ತಾಗಿದ್ದರೆ ಎಷ್ಟು ಸಂಕಟಪಡುತ್ತಿದ್ದರು. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ವಿಸಿ


ಬಾರ್ಸಿಲೋನಾ, 1 ಸೆಪ್ಟೆಂಬರ್

ವಿಸಿ,

ಆ ಸ್ನೇಹಿತ ನಾನೇ. ನಿನಗೆ ಗೊತ್ತಾಗಿದೆಯೆಂದು ನನಗೂ ಗೊತ್ತು, ಈ ನಾಟಕ ಸಾಕು.

ಮಾಡಿದೆ. ನೀನು ಹೇಳಿದ ಹಾಗೇ. ಅದೆಲಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮೊದಲ ಗುಟುಕಿಗೆ ನಮ್ಮಪ್ಪ ಮೇಲಿನಿಂದ ಚಪ್ಪಲಿ ಎಸೆಯುತ್ತಾರೆ ಎಂದು ತಲೆ ತಗ್ಗಿಸಿದೆ. ಏನೂ ಬೀಳಲಿಲ್ಲ. ಎರಡನೆಯ ಗುಟುಕಿಗೆ ತಲೆ ಎತ್ತಿದೆ. ತಣ್ಣಗೆ, ಹುಳಿಹುಳಿಯಾಗಿ, ಕೊನೆಯಲ್ಲಿ ನಮ್ಮ ವಾಲ್ದೆಪೇನ್ಯಾಸ್ ವೈನಿನದೇ ಒಗರು, ಅದು ಎಲ್ಲಿಗೂ ಹೋಗಿಲ್ಲ, ಅಲ್ಲೇ ಇದೆ. ಮೂರು ತಿಂಗಳ ಮೇಲೆ ಮನುಷ್ಯನ ಹಾಗೆ ಊಟ ಮಾಡಿದೆ. ಲೋಟ ಖಾಲಿಯಾದ ಮೇಲೆ ಐಸನ್ನೂ ಚೀಪಿದೆ. ಅದೆಲಾ ಅತ್ತಳು, ಆದರೆ ಈ ಸಲ ನಗುತ್ತ.

ಜೀವಕ್ಕೆ ಹಿತವಾಯಿತು, ವಿಸಿ. ನಿನ್ನಿಂದ ಉಪಕಾರವಾಯಿತು. ಜ್ಞಾನಸ್ನಾನ ಎಂದದ್ದನ್ನು ಹಿಂದಕ್ಕೆ ತೆಗೆದುಕೊಂಡೆ.

ಆದರೆ ಒಂದನ್ನು ಸ್ಪಷ್ಟವಾಗಿ ಬರೆಯಬೇಕು, ನಿನಗೆ ಸುಳ್ಳು ಆಸೆ ಹುಟ್ಟಬಾರದು. ಕಾಸಿಮಿರೊಗೆ ಕೊಟ್ಟ ಮಾತನ್ನು ನಾನು ಮುರಿಯಲಾರೆ. ಮಾತು ಮುರಿದ ಬಾಲ್ದೊಮೆರೊ ಆ ಕೇರಿಯಲ್ಲಿ ನಡೆದಾಡುವುದು ಹೇಗೆ? ರಾತ್ರಿ ನಿದ್ದೆ ಬರುವುದಿಲ್ಲ, ಅದು ಹೃದಯದ ಕಾಯಿಲೆಯಿಂದಲ್ಲ. ನಿನ್ನ ಅಕ್ಕನ ಮ್ಯಾಡ್ರಿಡ್ ಪತ್ರ ನೆನಪಾಗುತ್ತದೆ. ಮಗುವನ್ನು ಆಶ್ರಮದಲ್ಲಿ ಬಿಡುವ ಮಾತನ್ನು ನೀನು ಅಷ್ಟು ಸಣ್ಣದಾಗಿ ಬರೆದಿದ್ದೆ, ನಾನು ಓದಿ ಮುಂದಕ್ಕೆ ಹೋಗಿಬಿಟ್ಟಿದ್ದೆ.

ಬಾಲ್ದೊಮೆರೊ


ಕೊರ್ದೊಬಾ, 11 ಸೆಪ್ಟೆಂಬರ್

ಮಾವ,

ನೀವು ಊಟ ಮಾಡಿದಿರಿ ಎಂದು ಓದಿ ಅಂಗಡಿಯಲ್ಲಿದ್ದವರಿಗೆಲ್ಲ ಒಂದೊಂದು ಲೋಟ ಕೊಟ್ಟೆ. ಒರಾಸಿಯೊಗೂ ಕೊಟ್ಟೆ, ಆ ಮಟ್ಟಿಗೆ ಖುಷಿಯಾಗಿತ್ತು.

ನಿನ್ನೆ ಸಂಜೆ ನಡೆದದ್ದನ್ನು ನಿಮಗೆ ಬೇರೆ ಯಾರಾದರೂ ಉಪ್ಪುಖಾರ ಹಚ್ಚಿ ಹೇಳುವ ಮೊದಲು ನಾನೇ ಹೇಳುತ್ತೇನೆ. ಕಾಸಿಮಿರೊ ಬಡಗಿಯನ್ನು ಕರೆದುಕೊಂಡು ಬಂದ, ಅಂಗಡಿಯ ಬಾಗಿಲು ಕಿತ್ತು ಗಾಜು ಹಾಕಿಸಲು ಅಳತೆ ತೆಗೆಯಬೇಕಂತೆ. ಬಂದದ್ದು ತಂಪಿಗೆ ಕೂರುವ ಹೊತ್ತಿಗೆ. ಬಾಗಿಲ ಮುಂದೆ ಕುರ್ಚಿಗಳು. ಕೂತವರನ್ನು ಏಳಿ ಎನ್ನುವ ರೂಢಿ ನಮ್ಮಲ್ಲಿಲ್ಲ, ಮೇಯರ್ ಬಂದರೂ ನಮಸ್ಕಾರ ಹೇಳಿ ಸುತ್ತಿಕೊಂಡೇ ಹೋಗಬೇಕು. ಸುತ್ತಿಕೊಂಡು ಹೋಗಲು ಜಾಗ ಎಲ್ಲಿತ್ತು? ಸಾಮಾನ್ಯವಾಗಿ ಬೀದಿಯ ಕೊನೆಯಲ್ಲಿ ಕೂರುವವರೂ ನಿನ್ನೆ ಇತ್ತಲೇ ಬಂದಿದ್ದರು. ನಾನು ಯಾರಿಗೂ ಏನೂ ಹೇಳಿರಲಿಲ್ಲ. ಬಡಗಿಯ ಹೆಂಡತಿ ಬಟ್ಟೆ ಹೊಲಿಸುವುದು ಅಂಗುಸ್ತಿಯಾಸ್ ಹತ್ತಿರ, ಸುದ್ದಿ ಹಾಗೆ ಹೋಗಿದೆ.

"ಅಕ್ಕಂದಿರಾ, ಒಂಚೂರು ಜಾಗ ಬಿಡ್ತೀರಾ?" ಎಂದ ಕಾಸಿಮಿರೊ.

"ಏನಂದೆ?" ಎಂದರು ಲೆಯೊಕಾದಿಯಾ ಅಜ್ಜಿ.

"ಜಾಗ, ಅಜ್ಜೀ! ಅಳತೆ ತಗೋಬೇಕು!"

"ಹೂಂ, ಬಿಸಿಲು ಜೋರೇ ಈ ವರ್ಷ" ಎಂದರು ಅಜ್ಜಿ.

ಅಂಗುಸ್ತಿಯಾಸ್ ಹೊಲಿಗೆಯಿಂದ ತಲೆ ಎತ್ತಲೇ ಇಲ್ಲ. "ಕಾಸಿಮಿರೊ, ಒಂದ್ ಮಾತು ಕೇಳ್ತೀನಿ. ನೀನು ಫ್ರಿಜ್ ಅಂಗಡಿ ಹಾಕ್ತೀಯ, ಸಂತೋಷ. ಈ ಕೇರೀಲಿ ಫ್ರಿಜ್ ಬೇಕು ಅಂತ ಗಂಡನ್ ತಲೆ ತಿನ್ನೋರು ಯಾರು?"

"ನೀವೇ, ಅಕ್ಕ."

"ಇವಳನ್ನೂ ಆ ಮಗೂನೂ ಬೀದಿಗೆ ಹಾಕಿ ಅಲ್ಲಿ ಫ್ರಿಜ್ ನಿಲ್ಸಿದ್ರೆ, ನಾವು ಬಂದು ಅದರ ಬಾಗ್ಲು ತೆಗೆದು ನೋಡ್ತೀವಾ?"

ಅವನು ಎಲ್ಲ ಕುರ್ಚಿಗಳನ್ನೂ ಒಂದು ಸಲ ನೋಡಿದ. ಅಜ್ಜಿ ತಮ್ಮ ಪಕ್ಕದ ಖಾಲಿ ಕುರ್ಚಿಯನ್ನು ತಟ್ಟಿ, "ಕೂತ್ಕೋ ಮಗಾ, ನಿಂತು ನಿಂತು ಕಾಲು ನೋಯುತ್ತೆ" ಎಂದರು. ಕೂತ. ನಾನೇ ಒಂದು ಲೋಟ ತಂದುಕೊಟ್ಟೆ. ಬಡಗಿಗೂ ಕೊಟ್ಟೆ. ಕಾಸಿಮಿರೊ ಒಳ್ಳೆಯ ಹುಡುಗ ಮಾವ, ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಲೋಟ ಖಾಲಿ ಮಾಡಿ, ನನ್ನ ಮುಖ ನೋಡದೆ, "ದೊಡ್ಡಪ್ಪನಿಗೆ ಕಾಗದ ಬರೀತೀನಿ" ಎಂದು ಹೇಳಿ ಹೋದ. ಏನು ಬರೆಯುತ್ತಾನೋ ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ.

ವಿಸಿ


ಬಾರ್ಸಿಲೋನಾ, 19 ಸೆಪ್ಟೆಂಬರ್

ವಿಸಿ,

ಕಾಸಿಮಿರೊ ಬರೆದಿದ್ದಾನೆ. ಕೊಟ್ಟ ಮಾತನ್ನು ವಾಪಸ್ ಕೊಟ್ಟಿದ್ದಾನೆ, ಮಾರುಕಟ್ಟೆಯ ಹತ್ತಿರ ಬೇರೆ ಜಾಗ ನೋಡಿಕೊಳ್ಳುತ್ತಾನಂತೆ. "ದೊಡ್ಡಪ್ಪ, ಅಷ್ಟು ಜನ ಹೆಂಗಸರನ್ನು ಎದುರು ಹಾಕಿಕೊಂಡು ಫ್ರಿಜ್ ಮಾರುವುದಕ್ಕಿಂತ ಮರುಭೂಮಿಯಲ್ಲಿ ಕೊಡೆ ಮಾರುವುದು ವಾಸಿ" ಎಂದು ಬರೆದಿದ್ದಾನೆ. ನಕ್ಕೆ. ಎದೆ ಹಗುರಾಯಿತು.

ಆದರೆ ಅದರ ಕೆಳಗೆ ಇನ್ನೊಂದು ಸಾಲಿತ್ತು. ಅದನ್ನು ಎಷ್ಟು ಸಲ ಓದಿದೆನೋ. ಈಸ್ಟರ್ ಮುಗಿದ ವಾರವೇ ಅವನು ನಿನಗೆ ಎಲ್ಲ ಹೇಳಿದ್ದನಂತೆ. ಅಂಗಡಿಯಾದ ಮೇಲೆ ಫ್ರಿಜ್ಜುಗಳನ್ನು ಒರೆಸಿಡುವ ಕೆಲಸಕ್ಕೆ ಬಾ ಎಂದೂ ಕರೆದನಂತೆ. ನೀನು "ಸಾನ್ ಮಿಗೆಲ್ ಇನ್ನೂ ದೂರ ಇದೆ" ಎಂದೆಯಂತೆ.

ಹಾಗಾದರೆ ನಾನು ಹೊರಟ ದಿನ ನಿನಗೆ ಗೊತ್ತಿತ್ತು. ಇಸ್ತ್ರಿ ಮಾಡಿದ ಅಂಗಿಗಳನ್ನು ಪೆಟ್ಟಿಗೆಯಲ್ಲಿ ಇಡುವಾಗ ಗೊತ್ತಿತ್ತು. "ಮಾವ, ಸ್ವೆಟರ್ ಕೈಗೆ ಸಿಗೋ ಹಂಗೆ ಮೇಲಿಟ್ಟಿದೀನಿ" ಎನ್ನುವಾಗ ಗೊತ್ತಿತ್ತು. ನಾನು ಬೈದು ಬರೆದಾಗ, ನೀನು ಅಂಜೂರ ಕಳಿಸಿದಾಗ, ನನ್ನ ಊದಿದ ಕಾಲನ್ನು ವಿಚಾರಿಸಿದಾಗ, ಎಲ್ಲ ಹೊತ್ತಿನಲ್ಲೂ ಗೊತ್ತಿತ್ತು. ನಿನ್ನನ್ನು ಬೀದಿಗೆ ಹಾಕಲು ಹೊರಟ ಮುದುಕನಿಗೆ ನೀನು ದಿನಾ ಮೋಂಬತ್ತಿ ಹಚ್ಚುತ್ತಿದ್ದೆ.

ನನಗೆ ಉಪಕಾರವಾಯಿತು ಎಂದು ಹೇಳಿ ಅಭ್ಯಾಸವಿಲ್ಲ. ಅಂಗಡಿಯವನಿಗೆ ಅದು ಬಾಯಿತುದಿಯ ಮಾತು, ಚಿಲ್ಲರೆಯ ಜೊತೆ ಕೊಡುವುದು. ನಿನಗೆ ಹಾಗೆ ಹೇಳಲಾರೆ. ನಿಮ್ಮತ್ತೆ ಹಾಸಿಗೆ ಹಿಡಿದಾಗ ಅವಳ ತಲೆ ಬಾಚಿದವಳು ನೀನು. ಮೈ ಒರೆಸಿದವಳು ನೀನು. ಅವಳು ಹೋದ ರಾತ್ರಿ ನಾನು ಪೀಪಾಯಿಗಳ ನಡುವೆ ಕೂತು ಅತ್ತೆ, ನೀನು ದೀಪ ತರದೆ ಬಂದು ಪಕ್ಕದಲ್ಲಿ ಕೂತೆ. ಅನ್ಸೆಲ್ಮೊ ನನಗೆ ಕೊಟ್ಟುಹೋದದ್ದರಲ್ಲಿ ನಿನಗಿಂತ ದೊಡ್ಡದು ಯಾವುದೂ ಇಲ್ಲ. ಇದನ್ನು ಅವತ್ತೇ ಹೇಳಬೇಕಾಗಿತ್ತು. ಇವತ್ತು ಹೇಳುತ್ತಿದ್ದೇನೆ, ಕಾಗದ ಒದ್ದೆಯಾಗಿದ್ದರೆ ಅದೆಲಾಳದ್ದು ಎಂದುಕೋ.

ಒಂದೇ ಒಂದು ಬೇಸರ. ಯಾಕೆ ಕೇಳಲಿಲ್ಲ? "ಮಾವ, ನನಗೆ ಆ ಅಂಗಡಿ ಬೇಕು" ಎಂದು ಒಂದು ಸಲ ಯಾಕೆ ಕೇಳಲಿಲ್ಲ? ಈಗ ನನ್ನ ನಾಲಿಗೆಗೆ ಯಾವ ಕಟ್ಟೂ ಇಲ್ಲ. ನಾನಾಗಿಯೇ ಕೊಟ್ಟರೆ ಕನಿಕರ ಎಂದುಕೊಳ್ಳುತ್ತೀಯ, ನಿನ್ನನ್ನು ನಾನು ಬಲ್ಲೆ. ಅದಕ್ಕೇ ಕೊಡುವುದಿಲ್ಲ. ನೀನು ಕೇಳಬೇಕು.

ಕೇಳು.

ಬಾಲ್ದೊಮೆರೊ


ಕೊರ್ದೊಬಾ, 24 ಸೆಪ್ಟೆಂಬರ್

ಮಾವ,

ಯಾಕೆ ಕೇಳಲಿಲ್ಲ ಎಂದಿರಿ. ಕೇಳಿದ್ದರೆ ನೀವು ಕೊಟ್ಟ ಮಾತಿಗೂ ನನಗೂ ನಡುವೆ ಒಂದನ್ನು ಆರಿಸಬೇಕಾಗುತ್ತಿತ್ತು. ನೀವು ಮಾತನ್ನೇ ಆರಿಸುತ್ತಿದ್ದಿರಿ, ಆರಿಸದಿದ್ದರೆ ನೀವು ನನ್ನ ಮಾವನೇ ಅಲ್ಲ. ಆಮೇಲೆ ನನಗೆ "ಇಲ್ಲ" ಎಂದ ನೋವನ್ನು ಎದೆಯಲ್ಲಿಟ್ಟುಕೊಂಡು ನೀವು ಆ ರೈಲು ಹತ್ತಬೇಕಿತ್ತು. ಆ ಎದೆಗೆ ಅಷ್ಟು ಭಾರ ಹೊರುವ ಶಕ್ತಿ ಇರಲಿಲ್ಲ. ಅಷ್ಟೇ ಮಾವ, ದೊಡ್ಡತನವೇನಲ್ಲ. ನನಗೆ ಬಾಗಿಲು ತೆರೆದವರು ಮೊದಲು ಬದುಕಬೇಕಿತ್ತು. ಅಂಗಡಿಯಿಲ್ಲದೆ ನಾನು ಅಳುತ್ತಿದ್ದೆ, ನೀವಿಲ್ಲದೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಈಗ ಕೇಳಬೇಕು ಎಂದಿದ್ದೀರಿ. ಬಹಳ ವರ್ಷ ಏನನ್ನೂ ಕೇಳದೆ ಬಾಯಿ ಜಡ್ಡುಗಟ್ಟಿದೆ. ನಿನ್ನೆ ಲೆಯೊಕಾದಿಯಾ ಅಜ್ಜಿಯ ಎದುರು ಕೂತು ಅಭ್ಯಾಸ ಮಾಡಿದೆ, ಅವರಿಗೆ ಕೇಳಿಸುವುದಿಲ್ಲವಲ್ಲ ಎಂದು. ಎಲ್ಲ ಹೇಳಿ ಮುಗಿಸಿದ ಮೇಲೆ ಅಜ್ಜಿ ನನ್ನ ಕೆನ್ನೆ ಸವರಿ, "ಇದನ್ನ ಅವನಿಗೆ ಬರಿ, ನನಗ್ಯಾಕೆ ಹೇಳ್ತೀಯ" ಎಂದರು. ಅವರಿಗೆ ಕೇಳಿಸುವುದಿಲ್ಲ ಎಂದು ಇನ್ನು ಮೇಲೆ ಈ ಕೇರಿಯಲ್ಲಿ ಯಾರೂ ನಂಬುವಂತಿಲ್ಲ.

ಕೇಳುತ್ತಿದ್ದೇನೆ ಮಾವ. ಅಂಗಡಿ ನನಗೆ ಕೊಡಿ. ಕನಿಕರಕ್ಕಲ್ಲ, ಅನ್ಸೆಲ್ಮೊನ ಹೆಂಡತಿ ಎಂದೂ ಅಲ್ಲ. ನನಗೆ ಅದನ್ನು ನಡೆಸಲು ಬರುತ್ತದೆ ಎಂದು ಕೊಡಿ.

ಇನ್ನೊಂದನ್ನೂ ಕೇಳುತ್ತೇನೆ, ಬಾಯಿ ಬಿಟ್ಟ ಮೇಲೆ ಪೂರ್ತಿ ಕೇಳಿಬಿಡುತ್ತೇನೆ. ಮನೆಗೆ ಬನ್ನಿ. ಬಿಸಿಲು ಇಳಿದಿದೆ. ಜಗಳವಾಡಲು ಗಂಡಸರೆಲ್ಲ ಕಾಯುತ್ತಿದ್ದಾರೆ, ಅರಾಸೆಲಿ ದಿನಾ ಸಂಜೆ ಬೀದಿಯ ತಿರುವಿನವರೆಗೆ ಹೋಗಿ ನೋಡಿ ಬರುತ್ತಾಳೆ. ನನಗೂ ನಿಮ್ಮನ್ನು ನೋಡಬೇಕು.

ವಿಸಿ


ತಂತಿ
ಬಾರ್ಸಿಲೋನಾ, 27 ಸೆಪ್ಟೆಂಬರ್ 1963

ವಿಸಿತಾಸ್ಯೋನ್, ಬಾಲ್ದೊಮೆರೊ ಲೂಕೆಯ ಪಡಖಾನೆ, ಸಾನ್ ಲೊರೆಂಸೊ, ಕೊರ್ದೊಬಾ.

ಎರಡಕ್ಕೂ ಹೂಂ. ಸಾನ್ ಮಿಗೆಲ್ ದಿನ ಬೆಳಗಿನ ರೈಲು. ಮೇಲಿನ ವಿಳಾಸದಲ್ಲಿ ನನ್ನ ಹೆಸರಿರುವುದು ಇದೇ ಕೊನೆ.